ಮನೆಗೊಂದು ಲ್ಯಾಪ್‌ಟಾಪ್: ಮನೆಯವರಿಗೆಲ್ಲ ಆಗುವಂಥದ್ದು

ಮಕ್ಕಳ ರಿಸಲ್ಟ್ ಬಂದು, ಹೊಸ ಕಾಲೇಜಿನ ಅರ್ಜಿಗಳು ಶುರುವಾಗುವ ಹೊತ್ತಿಗೆ ಬಹಳ ಮನೆಗಳಲ್ಲಿ ಒಂದು ಮಾತು ಏಳುತ್ತದೆ. "ರೀ, ಈ ಸಲವಾದ್ರೂ ಒಂದು ಲ್ಯಾಪ್‌ಟಾಪ್ ತಗೊಳ್ಳೋಣ." ಯಜಮಾನರು "ನೋಡೋಣ" ಅಂತಾರೆ. ಅಷ್ಟರಲ್ಲೇ ಮಗರಾಯ ಹತ್ತು ವಿಡಿಯೋ ನೋಡಿ ಎಪ್ಪತ್ತು ಸಾವಿರದ್ದೊಂದನ್ನು ಆರಿಸಿ ಇಟ್ಟಿರುತ್ತಾನೆ. ಅಂಗಡಿಗೆ ಹೋದರೆ "ಐ5ಗಿಂತ ಕಮ್ಮಿ ತಗೋಬೇಡಿ ಸರ್, ಆಮೇಲೆ ಸ್ಲೋ ಅಂತೀರಿ" ಎಂಬ ಉಪದೇಶ. ಕೊನೆಗೆ ಯಾರ ಮಾತು ಗಟ್ಟಿಯೋ ಅವರ ಲ್ಯಾಪ್‌ಟಾಪ್ ಮನೆಗೆ ಬರುತ್ತದೆ. ಮನೆಗೆ ಬೇಕಾದದ್ದು ಬಂತೋ ಇಲ್ಲವೋ, ಅದು ಬೇರೆ ಮಾತು.

ನಲವತ್ತು ಸಾವಿರ ರೂಪಾಯಿ ಮಧ್ಯಮ ವರ್ಗದ ಮನೆಗೆ ಸಣ್ಣ ದುಡ್ಡಲ್ಲ. ಎಷ್ಟೋ ಮನೆಗಳಲ್ಲಿ ಅದು ಚೀಟಿ ಎತ್ತಿದ ಹಣ, ಇಲ್ಲವೇ ಎರಡು ವರ್ಷದ ಬೋನಸ್. ಒಮ್ಮೆ ಕೊಟ್ಟರೆ ಐದಾರು ವರ್ಷ ಮತ್ತೆ ಆ ಕಡೆ ತಿರುಗಿ ನೋಡುವ ಹಾಗಿಲ್ಲ. ಹಾಗಾಗಿ ಈ ಸಲದ ಅಂಕಣದಲ್ಲಿ ಆ ಹಣ ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಅಂತ ನೋಡೋಣ. ಬ್ರ್ಯಾಂಡಿನ ಹೆಸರು ಹೇಳಿ "ಇದನ್ನೇ ಕೊಳ್ಳಿ" ಅನ್ನುವುದಿಲ್ಲ. ಮಾಡೆಲ್ಲುಗಳು ಆರು ತಿಂಗಳಿಗೊಮ್ಮೆ ಬದಲಾಗುತ್ತವೆ, ನೋಡುವ ಕ್ರಮ ಬದಲಾಗುವುದಿಲ್ಲ.

ಮೊದಲು ಒಂದು ವಾರದ ಪಟ್ಟಿ

ಅಂಗಡಿಗೆ ಹೋಗುವ ಮೊದಲು ಕ್ಯಾಲೆಂಡರಿನ ಪಕ್ಕ ಒಂದು ಹಾಳೆ ಅಂಟಿಸಿ. ಮನೆಯಲ್ಲಿ ಯಾರಿಗೇ ಆಗಲಿ "ಅಯ್ಯೋ, ಫೋನಲ್ಲಿ ಇದು ಆಗ್ತಿಲ್ವಲ್ಲ" ಅನ್ನಿಸಿದ ಕೂಡಲೇ ಅದರಲ್ಲಿ ಬರೆಯಬೇಕು. ಸೈಬರ್ ಸೆಂಟರಿಗೆ ಯಾವುದಕ್ಕೆ ಹೋದಿರಿ, ಎಷ್ಟು ಕೊಟ್ಟಿರಿ ಎಂಬುದೂ ಇರಲಿ.

ವಾರ ಕಳೆದ ಮೇಲೆ ನೋಡಿದರೆ ಬಹುಪಾಲು ಮನೆಗಳ ಪಟ್ಟಿ ಹೀಗಿರುತ್ತದೆ. ಮಗಳಿಗೆ ಕಾಲೇಜಿನ ಪ್ರಾಜೆಕ್ಟ್ ಬರೆಯಬೇಕು, ಪಿಡಿಎಫ್ ನೋಟ್ಸ್ ಓದಬೇಕು. ಮಗನ ಎಸ್‌ಎಸ್‌ಪಿ ವಿದ್ಯಾರ್ಥಿವೇತನದ ಅರ್ಜಿ ತುಂಬಬೇಕು. ಊರಿನ ಜಮೀನಿನ ಪಹಣಿ ತೆಗೆಯಬೇಕು, ಕಾವೇರಿಯಲ್ಲಿ ಇಸಿಗೆ ಅರ್ಜಿ ಹಾಕಬೇಕು. ಫೋಟೋವನ್ನು ಅವರು ಕೇಳಿದಷ್ಟೇ ಕೆಬಿಗೆ ಇಳಿಸಬೇಕು. ಮನೆಯಾಕೆಗೆ ಸಂಘದ ಲೆಕ್ಕ, ಇಲ್ಲವೇ ಹೊಲಿಗೆಯದ್ದೋ ಹಪ್ಪಳದ್ದೋ ಆರ್ಡರುಗಳ ಪಟ್ಟಿ. ಅಜ್ಜಿಗೆ ದೂರದಲ್ಲಿರುವ ಮೊಮ್ಮಗುವನ್ನು ದೊಡ್ಡ ಪರದೆಯಲ್ಲಿ ನೋಡುವ ಆಸೆ.

ಸಿಇಟಿ ಬರೆದ ಮಕ್ಕಳಿರುವ ಮನೆಯಾದರೆ ಆಪ್ಷನ್ ಎಂಟ್ರಿಯೂ ಸೇರುತ್ತದೆ. ಅಲ್ಲಿ ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಜೋಡಿಸಬೇಕು. ಸೀಟು ಹಂಚಿಕೆ ನೋಡುವುದು ರ‍್ಯಾಂಕಿನ ಜೊತೆಗೆ ಆ ಕ್ರಮವನ್ನೇ. ನೂರಾರು ಸಾಲಿನ ಪಟ್ಟಿಯನ್ನು ಅಂಗೈಯಗಲದ ಪರದೆಯಲ್ಲಿ ಮೇಲೆ ಕೆಳಗೆ ಸರಿಸುವಾಗ ಒಂದು ಸಾಲು ಆಚೀಚೆ ಆದರೆ ಮಗುವಿನ ಸೀಟೇ ಆಚೀಚೆ ಆದೀತು. ಇಂಥ ಕೆಲಸಕ್ಕೆ ದೊಡ್ಡ ಪರದೆ ಬೇಕೇ ಬೇಕು.

ಈ ಪಟ್ಟಿಯಲ್ಲಿರುವ ಯಾವ ಕೆಲಸಕ್ಕೂ ಭಾರೀ ಯಂತ್ರ ಬೇಡ ಎಂಬುದನ್ನು ಗಮನಿಸಿ. ಒಂದು ಬ್ರೌಸರ್, ಪತ್ರ ಬರೆಯುವುದಕ್ಕೊಂದು, ಲೆಕ್ಕ ಬರೆಯುವುದಕ್ಕೊಂದು ತಂತ್ರಾಂಶ, ವಿಡಿಯೋ ಕಾಲ್. ಇಷ್ಟೇ. ಎಲ್ಲವನ್ನೂ ಒಟ್ಟಿಗೆ ತೆರೆದಿಟ್ಟರೂ ಯಂತ್ರ ತೊದಲಬಾರದು, ಐದು ವರ್ಷ ಬಾಳಬೇಕು, ಕೆಟ್ಟರೆ ನಮ್ಮ ಊರಲ್ಲೇ ರಿಪೇರಿ ಆಗಬೇಕು. ಈ ಮೂರು ಸಿಕ್ಕರೆ ಸಾಕು.

ಪಟ್ಟಿಯಲ್ಲಿ ವರ್ಷಕ್ಕೆ ಎರಡು ಅರ್ಜಿ ಮಾತ್ರ ಇದ್ದರೆ? ಆಗ ಲ್ಯಾಪ್‌ಟಾಪ್ ಬೇಡವೇ ಬೇಡ. ಹಳ್ಳಿಯಲ್ಲಿ ಗ್ರಾಮ ಒನ್ ಇದೆ, ಪಟ್ಟಣದಲ್ಲಿ ಕರ್ನಾಟಕ ಒನ್ ಇದೆ. ಪಕ್ಕದ ಮನೆಯವರು ತಗೊಂಡರು ಅಂತ ನಾವೂ ತಗೊಳ್ಳಬೇಕಾಗಿಲ್ಲ.

ಅಡುಗೆಮನೆಯ ಲೆಕ್ಕದಲ್ಲಿ ಲ್ಯಾಪ್‌ಟಾಪ್

ಲ್ಯಾಪ್‌ಟಾಪಿನ ಒಳಗಿನ ಮೂರು ಮುಖ್ಯ ಭಾಗಗಳನ್ನು ಅಡುಗೆಮನೆಗೆ ಹೋಲಿಸಿದರೆ ಸುಲಭವಾಗಿ ತಿಳಿಯುತ್ತದೆ. ಪ್ರೊಸೆಸರ್ ಅಂದರೆ ಅಡುಗೆಯವರು. ರ‍್ಯಾಮ್ ಅಂದರೆ ಅಡುಗೆಕಟ್ಟೆ. ಎಸ್‌ಎಸ್‌ಡಿ ಅಂದರೆ ಸಾಮಾನು ತುಂಬಿಡುವ ಉಗ್ರಾಣ. ಎಷ್ಟೇ ಚುರುಕಿನ ಭಟ್ಟರನ್ನು ಕರೆಸಿದರೂ ಕಟ್ಟೆ ಎರಡಡಿಯದ್ದಾದರೆ ಅವರು ತಟ್ಟೆ ಎತ್ತಿಡುವುದರಲ್ಲೇ ಹೊತ್ತು ಕಳೆಯುತ್ತಾರೆ. ಅಂಗಡಿಯವರು ಭಟ್ಟರ ಹೆಸರನ್ನು ಜೋರಾಗಿ ಹೇಳುತ್ತಾರೆ. ಕಟ್ಟೆಯ ಅಳತೆ ನಾವೇ ಕೇಳಬೇಕು.

ರ‍್ಯಾಮ್: ವಿಂಡೋಸ್ 11 ಓಡುವುದಕ್ಕೆ 4 ಜಿಬಿ ಸಾಕು ಅಂತ ಮೈಕ್ರೋಸಾಫ್ಟ್‌ನ ಕನಿಷ್ಠ ನಿಯಮ ಹೇಳುತ್ತದೆ. ಅದು ಯಂತ್ರ ಶುರುವಾಗುವುದಕ್ಕೆ ಸಾಕು, ಮನೆಯವರು ಕೆಲಸ ಮಾಡುವುದಕ್ಕಲ್ಲ. 8 ಜಿಬಿಗಿಂತ ಕಮ್ಮಿ ಇರುವುದನ್ನು ಈಗ ಕೊಳ್ಳಲೇಬೇಡಿ. 16 ಜಿಬಿ ಇದ್ದರೆ ಐದು ವರ್ಷ ನೆಮ್ಮದಿ. 2025ರ ಕೊನೆಯಿಂದ ರ‍್ಯಾಮಿನ ಬೆಲೆ ವಿಪರೀತ ಏರಿದೆ. ಎಐಗಾಗಿ ಕಟ್ಟುತ್ತಿರುವ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಚಿಪ್ಪುಗಳನ್ನು ಎತ್ತಿಕೊಳ್ಳುತ್ತಿರುವುದು ಅದಕ್ಕೆ ಕಾರಣ. ಹಾಗಾಗಿ ನಿಮ್ಮ ಬಜೆಟ್ಟಿಗೆ 16 ನಿಲುಕದೆ ಇರಬಹುದು. ಆಗ ಕೇಳಬೇಕಾದ ಪ್ರಶ್ನೆ ಒಂದೇ: "ಇದರಲ್ಲಿ ರ‍್ಯಾಮ್ ಹಾಕೋ ಸ್ಲಾಟ್ ಖಾಲಿ ಇದ್ಯಾ, ಇಲ್ಲಾ ಬೋರ್ಡಿಗೇ ಬೆಸುಗೆ ಹಾಕಿದಾರಾ?" ಸ್ಲಾಟ್ ಇದ್ದರೆ ಈಗ 8 ಜಿಬಿ ತಗೊಂಡು, ಬೆಲೆ ಇಳಿದಾಗ ಸೇರಿಸಬಹುದು. ಬೆಸುಗೆ ಹಾಕಿದ್ದರೆ ಇವತ್ತು ಬಂದಷ್ಟೇ ಕೊನೆವರೆಗೂ.

ಎಸ್‌ಎಸ್‌ಡಿ: 512 ಜಿಬಿ ಒಳ್ಳೆಯದು. ಫೋಟೋ, ವಿಡಿಯೋ ಜಾಸ್ತಿ ಇಲ್ಲದ ಮನೆಗೆ 256 ಕೂಡ ನಡೆಯುತ್ತದೆ. ತುಂಬಾ ಅಗ್ಗದ ಕೆಲವು ಯಂತ್ರಗಳಲ್ಲಿ "64 ಜಿಬಿ ಇಎಂಎಂಸಿ" ಎಂದು ಬರೆದಿರುತ್ತದೆ. ಅದನ್ನು ಮುಟ್ಟಬೇಡಿ. ಅದು ನಿಧಾನ. ವಿಂಡೋಸ್ ಮತ್ತು ಅದರ ಅಪ್‌ಡೇಟುಗಳಿಗೇ ಅದರ ಬಹುಪಾಲು ಜಾಗ ಬೇಕು. ಇನ್ನೊಂದು ಮಾತು. 512 ಅಂತ ಹೇಳಿ ಕೊಟ್ಟದ್ದು ವಿಂಡೋಸಿನಲ್ಲಿ 476 ಅಂತ ಕಂಡರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ವ್ಯತ್ಯಾಸ ಅಷ್ಟೇ.

ಪ್ರೊಸೆಸರ್: "ಐ3 ಅಂದ್ರೆ ಕಮ್ಮಿ, ಐ5 ಅಂದ್ರೆ ಜಾಸ್ತಿ" ಎಂಬುದು ಅರ್ಧ ಸತ್ಯ. ಯಾವ ತಲೆಮಾರಿನದು ಎಂಬುದೇ ಮುಖ್ಯ. ಏಳನೇ ತಲೆಮಾರಿನ ಐ5-7200ಯು ಎಂಬ ಇಂಟೆಲ್ ಪ್ರೊಸೆಸರಿನಲ್ಲಿ ಇರುವುದು 2 ಕೋರ್. ಹನ್ನೆರಡನೇ ತಲೆಮಾರಿನ ಐ3-1215ಯುನಲ್ಲಿ 6 ಕೋರ್. ಅಡುಗೆಗೆ ಇಬ್ಬರು ನಿಂತದ್ದಕ್ಕೂ ಆರು ಜನ ನಿಂತದ್ದಕ್ಕೂ ವ್ಯತ್ಯಾಸ ಇರುತ್ತದಲ್ವಾ? ಹಳೆಯ ಐ5ಗಿಂತ ಹೊಸ ಐ3 ಮನೆಗೆ ವಾಸಿ. ಹನ್ನೆರಡನೇ ತಲೆಮಾರು ಅಥವಾ ಅದರ ಮೇಲಿನ ಯಾವ ಐ3 ಆದರೂ ನಮ್ಮ ಪಟ್ಟಿಯ ಕೆಲಸಕ್ಕೆ ಧಾರಾಳ.

ಎಎಂಡಿಯವರ ರೈಜನ್ ಆದರೆ ಇನ್ನೊಂದು ಉಪಾಯವಿದೆ. 7000 ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಮೂರನೇ ಅಂಕಿ ನೋಡಿ. 7320ಯುನಲ್ಲಿ ಅದು 2, ಅಂದರೆ ಒಳಗಿರುವುದು ಹಳೆಯ ಝೆನ್ 2 ವಿನ್ಯಾಸ. 7430ಯುನಲ್ಲಿ ಅದು 3, ಅಂದರೆ ಝೆನ್ 3. ಮೊದಲ ಅಂಕಿ 7 ಎಂದಿರುವುದರಿಂದ ಎರಡೂ ಒಂದೇ ವಯಸ್ಸಿನವು ಅನ್ನಿಸುತ್ತವೆ, ಆದರೆ ಅಲ್ಲ. ಬೆಲೆ ಹತ್ತಿರ ಹತ್ತಿರ ಇದ್ದರೆ ಎರಡನೆಯದನ್ನೇ ಕೇಳಿ.

ಸೆಲೆರಾನ್ ಎಂಬ ಹೆಸರು ಕಂಡರೆ ಸ್ವಲ್ಪ ನಿಲ್ಲಿ. ಒಬ್ಬರೇ, ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವುದಾದರೆ ಅದು ನಡೆದೀತು. ನಾಲ್ಕು ಜನರ ಮನೆಗೆ ಅದು ಬೇಗ ಸಾಕೆನಿಸುತ್ತದೆ.

ಕಣ್ಣಿಗೆ, ಕೈಗೆ

ಜಾಹೀರಾತಿನಲ್ಲಿ ಕೊನೆಗೆ ಬರುವ, ದಿನವೂ ಮೊದಲು ಎದುರಾಗುವ ಎರಡು ಸಂಗತಿಗಳೆಂದರೆ ಪರದೆ ಮತ್ತು ಕೀಬೋರ್ಡ್.

ಪರದೆ 1920×1080, ಅಂದರೆ ಫುಲ್ ಎಚ್‌ಡಿ ಆಗಿರಲಿ. ಇನ್ನೂ ಕೆಲವು ಅಗ್ಗದ ಮಾಡೆಲ್ಲುಗಳಲ್ಲಿ 1366×768 ಬರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅದು ಹೇಗೋ ಸಾಗುತ್ತದೆ. ನಮ್ಮ ಕನ್ನಡಕ್ಕೆ ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. "ಸ್ತ್ರೀ" ಎಂಬ ಒಂದೇ ಅಕ್ಷರದಲ್ಲಿ ಎಷ್ಟೊಂದು ಸುತ್ತುಗಳಿವೆ ನೋಡಿ. ಚುಕ್ಕಿಗಳು ಕಮ್ಮಿ ಇರುವ ಪರದೆಯಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ. ಕನ್ನಡಕ ಹಾಕುವ ಹಿರಿಯರಿಗೆ ಇದು ದೊಡ್ಡ ತೊಂದರೆ. ಅಂಗಡಿಯಲ್ಲೇ ಕನ್ನಡದ ಯಾವುದಾದರೂ ಪತ್ರಿಕೆಯ ಪುಟ ತೆರೆದು ಓದಿ ನೋಡಿ.

ಪರದೆಯನ್ನು ಹಿಂದಕ್ಕೆ ಬಾಗಿಸಿ, ಪಕ್ಕದಿಂದಲೂ ನೋಡಿ. ಬಣ್ಣ ತಿರುಗಿ ನೆಗೆಟಿವ್ ಥರ ಕಂಡರೆ ಅದು ಟಿಎನ್ ಪರದೆ. ಯಾವ ಕಡೆಯಿಂದ ನೋಡಿದರೂ ಒಂದೇ ಥರ ಇದ್ದರೆ ಬಹುಶಃ ಐಪಿಎಸ್. ಮೂರು ಜನ ಕೂತು ವಿಡಿಯೋ ಕಾಲ್ ಮಾಡುವ ಮನೆಗೆ ಐಪಿಎಸ್ ಬೇಕು. ಬೆಳಕನ್ನು ನಿಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 250 ನಿಟ್ಸ್ ಮನೆಯೊಳಗೆ ಸಾಕು. ಪಡಸಾಲೆಯಲ್ಲೋ ಕಿಟಕಿ ಪಕ್ಕದಲ್ಲೋ ಕೂರುವವರಾದರೆ 300 ಇದ್ದರೆ ಅನುಕೂಲ.

ಕೀಬೋರ್ಡಿನ ಮೇಲೆ ನಾಲ್ಕು ಸಾಲು ಹೊಡೆದು ನೋಡಿ. ಮಾರಾಟದ ಹುಡುಗ ಅವಸರ ಮಾಡಿದರೂ ನೀವು ಅವಸರ ಮಾಡಬೇಡಿ. ಲೆಕ್ಕ ಬರೆಯುವವರು ಮನೆಯಲ್ಲಿದ್ದರೆ ಬಲಗಡೆ ಅಂಕಿಗಳ ಪ್ರತ್ಯೇಕ ಸಾಲುಗಳಿರುವ 15.6 ಇಂಚಿನದು ಅನುಕೂಲ. ಮಗಳು ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೊರುವುದಾದರೆ 14 ಇಂಚಿನದು ಹಗುರ.

"ಕೀಗಳ ಮೇಲೆ ಕನ್ನಡ ಅಕ್ಷರ ಇಲ್ವಲ್ಲ, ನಾನು ಹೇಗೆ ಬರೀಲಿ?" ಅಂತ ಹಿಂಜರಿಯುವವರು ತುಂಬಾ ಜನ. ಕೀ ಮೇಲೆ ಅಕ್ಷರ ಬೇಕಾಗಿಲ್ಲ. ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡ ಸೇರಿಸಿದರೆ, "ಕನ್ನಡ ಫೊನೆಟಿಕ್" ಎಂಬ ಕೀಲಿಮಣೆ ಸಿಗುತ್ತದೆ. ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದರೆ ಪರದೆಯಲ್ಲಿ ಕನ್ನಡ ಮೂಡುತ್ತದೆ. 2019ರಿಂದ ವಿಂಡೋಸಿನ ಜೊತೆಗೇ ಇದು ಬರುತ್ತಿದೆ, ಕಾಸು ಕೊಡಬೇಕಾಗಿಲ್ಲ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಕನ್ನಡದಿಂದ ಇಂಗ್ಲಿಷಿಗೆ, ಮತ್ತೆ ಕನ್ನಡಕ್ಕೆ. ಕಚೇರಿಯಲ್ಲಿ ನುಡಿ ಬಳಸಿ ಅಭ್ಯಾಸವಿರುವವರು ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸವನ್ನೇ ಮುಂದುವರಿಸಬಹುದು. ಆದರೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದದ್ದನ್ನು ಬೇರೆಯವರ ಫೋನಿಗೆ ಕಳಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹೊಸದಾಗಿ ಬರೆಯುವುದೆಲ್ಲ ಯೂನಿಕೋಡಿನಲ್ಲೇ ಇರಲಿ.

ಹಳೆಯದು ಬೀರುವಿನಲ್ಲಿ ಇದೆಯಾ?

ಹೊಸದಕ್ಕೆ ಹೊರಡುವ ಮೊದಲು ಮನೆಯ ಬೀರು ಒಮ್ಮೆ ತೆರೆದು ನೋಡಿ. "ಸ್ಲೋ ಆಯ್ತು" ಅಂತ ಮೂಲೆಗಿಟ್ಟ ಲ್ಯಾಪ್‌ಟಾಪ್ ಒಂದು ಇರಬಹುದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಯಂತ್ರ ನಿಂತುಹೋಗಲಿಲ್ಲ, ಆದರೆ ಸುರಕ್ಷತೆಯ ಮಾಮೂಲಿ ಅಪ್‌ಡೇಟುಗಳು ನಿಂತವು. ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡುವುದು ಬಾಗಿಲಿಗೆ ಚಿಲಕ ಹಾಕದೆ ಊರಿಗೆ ಹೋದ ಹಾಗೆ. ನಿಮ್ಮದರಲ್ಲಿ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇದ್ದರೆ ಸಾಮಾನ್ಯವಾಗಿ ವಿಂಡೋಸ್ 11ಕ್ಕೆ ಉಚಿತವಾಗಿ ಏರಿಸಬಹುದು. ಒಳಗೆ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. "ಆನ್ ಮಾಡಿ ಕಾಫಿ ಕುಡಿದು ಬಂದ್ರೂ ಶುರುವಾಗಿರಲ್ಲ" ಅನ್ನಿಸಿಕೊಂಡಿದ್ದ ಯಂತ್ರ ಚುರುಕಾಗುತ್ತದೆ. ಹೊಸದರ ಬೆಲೆಯ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ.

ಅದಕ್ಕಿಂತ ಹಳೆಯದಾದರೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿಸಿ, ಓದುವುದಕ್ಕೆ, ಬರೆಯುವುದಕ್ಕೆ, ಬ್ರೌಸರಿಗೆ ಬಳಸಬಹುದು. ಗೊತ್ತಿರುವ ಹುಡುಗರು ಒಬ್ಬರು ಜೊತೆಗಿರಬೇಕು, ಅಷ್ಟೇ.

ಕೈ ಬದಲಾಗಿ ಬಂದ, ಅಂದರೆ ರಿಫರ್ಬಿಶ್ಡ್ ಯಂತ್ರಗಳನ್ನೂ ತಿರಸ್ಕರಿಸಬೇಡಿ. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಗಟ್ಟಿ ಮೈಯವು, ಕೀಬೋರ್ಡ್ ಚೆನ್ನಾಗಿರುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೂ ಜಿಲ್ಲಾ ಕೇಂದ್ರಗಳ ಕಂಪ್ಯೂಟರ್ ಅಂಗಡಿಗಳಲ್ಲೂ ಇಂಥವು ಸಿಗುತ್ತವೆ. ಆದರೆ ನಾಲ್ಕು ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಒಂದು, ಪ್ರೊಸೆಸರ್ ಎಂಟನೇ ತಲೆಮಾರಿಗಿಂತ ಹಳೆಯದಾಗಿರಬಾರದು. ಎರಡು, "ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಿ" ಅನ್ನಿ. ವಿಂಡೋಸಿನಲ್ಲೇ ಆ ವರದಿ ತೆಗೆಯಬಹುದು. ಹೊಸದಾಗಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂದು ಎರಡೂ ಸಂಖ್ಯೆ ಅದರಲ್ಲಿರುತ್ತವೆ. ಈಗಿನದು ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೂರು, ಹಳೆಯ ಕಂಪನಿಯ ಪಾಸ್‌ವರ್ಡ್, ಲಾಕು ಏನೂ ಉಳಿದಿರಬಾರದು. ಆಫ್ ಮಾಡಿಸಿ ಮತ್ತೆ ಆನ್ ಮಾಡಿಸಿ ನೋಡಿ. ನಾಲ್ಕು, ಬಿಲ್ ಮತ್ತು ಬರವಣಿಗೆಯಲ್ಲಿ ವಾರಂಟಿ. "ಏನಾದ್ರೂ ಆದ್ರೆ ನಾನಿದೀನಲ್ಲ ಮೇಡಂ" ಎಂಬುದು ವಾರಂಟಿ ಅಲ್ಲ.

ಬೋರ್ಡಿನ ಬೆಲೆ, ನಿಜದ ಬೆಲೆ

ಅಂಗಡಿಯಲ್ಲಿ ಬರೆದ ಬೆಲೆಗೂ ಮನೆಗೆ ತಂದಾಗ ಆದ ಖರ್ಚಿಗೂ ನಡುವೆ ಕೆಲವು ಸಣ್ಣ ಬಿಲಗಳಿವೆ.

ಮೊದಲನೆಯದು ನೋ ಕಾಸ್ಟ್ ಇಎಂಐ. ಬಡ್ಡಿಯೇ ಇಲ್ಲ ಅನ್ನುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಿ ಆಗುವುದು ಹೀಗೆ: ಬಡ್ಡಿ 2,400 ರೂಪಾಯಿ ಎಂದುಕೊಳ್ಳಿ, ಅಷ್ಟನ್ನು ಬೆಲೆಯಲ್ಲಿ ರಿಯಾಯಿತಿ ಕೊಡುತ್ತಾರೆ. ಬ್ಯಾಂಕು ಆಮೇಲೆ ಅದೇ 2,400ನ್ನು ಬಡ್ಡಿಯಾಗಿ ವಸೂಲು ಮಾಡುತ್ತದೆ. ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ, ಅಂದರೆ 432 ರೂಪಾಯಿ, ನಮ್ಮ ತಲೆಯ ಮೇಲೆ. ಎಷ್ಟೋ ಬ್ಯಾಂಕುಗಳಲ್ಲಿ ಪ್ರೊಸೆಸಿಂಗ್ ಶುಲ್ಕ ಬೇರೆ. ಕಂತು ತಪ್ಪಲ್ಲ, ಕೈಯಲ್ಲಿ ಒಟ್ಟಿಗೆ ಹಣವಿಲ್ಲದವರಿಗೆ ಅದೇ ದಾರಿ. ಆದರೆ ಪೂರ್ತಿ ಹಣ ಕೊಟ್ಟರೆ ಎಷ್ಟು ಕಮ್ಮಿ ಮಾಡುತ್ತೀರಿ ಅಂತ ಮೊದಲು ಕೇಳಿ, ಆಮೇಲೆ ಹೋಲಿಸಿ.

ಎರಡನೆಯದು ಆಫೀಸ್ ತಂತ್ರಾಂಶ. "ಎಂಎಸ್ ಆಫೀಸ್ ಫ್ರೀ" ಎಂದಿದ್ದರೆ ಜೀವಮಾನದ್ದೋ ಒಂದು ವರ್ಷದ್ದೋ ಅಂತ ಕೇಳಲೇಬೇಕು. ವರ್ಷದ್ದಾದರೆ ಮುಂದಿನ ವರ್ಷದಿಂದ ಚಂದಾ ಕಟ್ಟಬೇಕು. ಎರಡೂ ಬೇಡವೆನಿಸಿದರೆ ಲಿಬ್ರೆಆಫೀಸ್ ಉಚಿತ, ಪ್ರಾಜೆಕ್ಟಿಗೂ ಸಂಘದ ಲೆಕ್ಕಕ್ಕೂ ಅದು ಸಾಕು. ಕಳ್ಳ ಪ್ರತಿ ಹಾಕಿಕೊಡುತ್ತೇನೆ ಅಂದರೆ ಬೇಡ ಅನ್ನಿ. ಅದರ ಜೊತೆ ಏನೇನು ಒಳಗೆ ಬರುತ್ತದೋ ಹೇಳಲಾಗದು.

ಮೂರನೆಯದು ಆ್ಯಂಟಿವೈರಸ್. ವಿಂಡೋಸಿನಲ್ಲಿ ಡಿಫೆಂಡರ್ ಎಂಬುದು ಮೊದಲಿಂದಲೇ ಇರುತ್ತದೆ. ಮನೆಯ ಬಳಕೆಗೆ, ಅಪ್‌ಡೇಟುಗಳನ್ನು ತಪ್ಪಿಸದಿದ್ದರೆ, ಅಷ್ಟು ಸಾಕು.

ನಾಲ್ಕನೆಯದು ಮಾಡೆಲ್ ಸಂಖ್ಯೆ. ಒಂದೇ ಹೆಸರಿನ ಲ್ಯಾಪ್‌ಟಾಪಿನಲ್ಲಿ ಹತ್ತು ಬಗೆ ಇರುತ್ತವೆ. ಒಂದರಲ್ಲಿ ಒಳ್ಳೆ ಪರದೆ, ಇನ್ನೊಂದರಲ್ಲಿ ಹಳೆ ಪ್ರೊಸೆಸರ್. ಆನ್‌ಲೈನಿನಲ್ಲಿ ಕಂಡ ಬೆಲೆಯನ್ನು ಅಂಗಡಿಯದಕ್ಕೆ ಹೋಲಿಸುವಾಗ ಪೂರ್ತಿ ಸಂಖ್ಯೆ ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ನೋಡಿ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸರ್ವೀಸ್. ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿಯೋ, ನಾವೇ ಹೊತ್ತೊಯ್ಯಬೇಕೋ? ಬೆಂಗಳೂರಿನವರಿಗೆ ಇದು ಅಷ್ಟು ದೊಡ್ಡ ಪ್ರಶ್ನೆ ಅಲ್ಲ. ಸಿರ್ಸಿಯಲ್ಲೋ ಸುರಪುರದಲ್ಲೋ ಇರುವವರಿಗೆ ಒಂದು ಕೀ ಕೆಟ್ಟರೂ ಒಂದು ದಿನದ ಪ್ರಯಾಣ, ಒಂದು ದಿನದ ಸಂಬಳ. ಕೊಳ್ಳುವ ಮೊದಲೇ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ, "ಇಲ್ಲಿಗೆ ಆನ್‌ಸೈಟ್ ಇದ್ಯಾ, ಹತ್ತಿರದ ಸೆಂಟರ್ ಎಲ್ಲಿದೆ?" ಅಂತ ಕೇಳಿ. ಎರಡು ಸಾವಿರ ಕಮ್ಮಿ ಇರುವ, ಸರ್ವೀಸ್ ಇಲ್ಲದ ಬ್ರ್ಯಾಂಡಿಗಿಂತ ನಿಮ್ಮ ಜಿಲ್ಲೆಯಲ್ಲಿ ಸರ್ವೀಸ್ ಇರುವ ಬ್ರ್ಯಾಂಡ್ ಅಗ್ಗ.

"ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ಕೊಡ್ತೀನಿ" ಎಂಬ ಮಾತಿಗೆ ಕಿವಿಗೊಡಬೇಡಿ. ಸೀರಿಯಲ್ ಸಂಖ್ಯೆ ಬರೆದ ಜಿಎಸ್‌ಟಿ ಬಿಲ್ ಇಲ್ಲದಿದ್ದರೆ ಮುಂದೆ ವಾರಂಟಿ ಕೇಳುವುದು ಕಷ್ಟ. ಸಮಸ್ಯೆ ಬಗೆಹರಿಯದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಯೂ ಮೊದಲು ಬೇಕಾಗುವುದು ಬಿಲ್ಲೇ.

ಎಂಜಿನಿಯರಿಂಗ್ ಸೇರುವ ಮಕ್ಕಳ ತಂದೆತಾಯಿಗೆ ಒಂದು ಮಾತು. ಸೀಟು ಖಾತ್ರಿಯಾಗುವ ಮೊದಲೇ ಲ್ಯಾಪ್‌ಟಾಪ್ ಕೊಳ್ಳಬೇಡಿ. ಯಾವ ಬ್ರಾಂಚು, ಯಾವ ತಂತ್ರಾಂಶ ಎಂಬುದರ ಮೇಲೆ ಬೇಕಾದ ಯಂತ್ರ ಬದಲಾಗುತ್ತದೆ. ಕಾಲೇಜಿನಲ್ಲಿ ಸೀನಿಯರುಗಳನ್ನು ಕೇಳಿ ಆಮೇಲೆ ಹೊರಡಿ. ಆ ಯಂತ್ರ ಮಗನ ಜೊತೆ ಹಾಸ್ಟೆಲ್ಲಿಗೆ ಹೋಗುತ್ತದೆ ಎಂಬುದೂ ನೆನಪಿರಲಿ. ಅದನ್ನು ಮನೆಯ ಲ್ಯಾಪ್‌ಟಾಪ್ ಎಂಬ ಲೆಕ್ಕದಲ್ಲಿ ಬರೆಯಬೇಡಿ.

ಮನೆಯದು ಅಂದರೆ ಯಾರದು?

ಇದು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. "ಮನೆಗೆ" ಅಂತ ತಂದ ಲ್ಯಾಪ್‌ಟಾಪ್ ತಿಂಗಳೊಳಗೆ ಮಗನ ಕೋಣೆ ಸೇರುತ್ತದೆ. ಪಾಸ್‌ವರ್ಡ್ ಅವನದು, ಪರದೆಯ ಮೇಲಿನ ಚಿತ್ರ ಅವನ ಕ್ರಿಕೆಟ್ಟಿಗನದು. ಅಮ್ಮನಿಗೆ ಸಂಘದ ಲೆಕ್ಕ ಬರೆಯಬೇಕು ಅನ್ನಿಸಿದಾಗ "ಈಗ ಆಗಲ್ಲಮ್ಮ, ಓದ್ತಿದೀನಿ" ಎಂಬ ಉತ್ತರ. ಎರಡು ಸಲ ಕೇಳಿ, ಮೂರನೇ ಸಲ ಅವಳು ಕೇಳುವುದನ್ನೇ ಬಿಡುತ್ತಾಳೆ. ಮತ್ತೆ ಅದೇ ನೋಟ್‌ಬುಕ್ಕು, ಅದೇ ಪೆನ್ನು. ಪಹಣಿ ತೆಗೆಯುವುದಕ್ಕೂ ಯಾರನ್ನಾದರೂ ಕಾಯುವುದು. ಚೀಟಿ ಹಣದಲ್ಲಿ ಅವಳ ಪಾಲೂ ಇತ್ತು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಇದನ್ನು ತಪ್ಪಿಸುವುದಕ್ಕೆ ದುಡ್ಡು ಬೇಡ, ಮೊದಲ ದಿನದ ಒಂದು ಗಂಟೆ ಸಾಕು. ವಿಂಡೋಸಿನಲ್ಲಿ ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ಮಾಡಬಹುದು. ಅಮ್ಮನ ಖಾತೆ ತೆರೆದರೆ ಅವಳ ಫೈಲುಗಳು, ಅವಳ ಕನ್ನಡ ಕೀಲಿಮಣೆ, ಅವಳಿಗೆ ಬೇಕಾದಷ್ಟು ದೊಡ್ಡ ಅಕ್ಷರ. ಒಬ್ಬರ ಕೈತಪ್ಪಿ ಇನ್ನೊಬ್ಬರ ಕಡತ ಅಳಿಸಿಹೋಗುವ ಭಯವೂ ಕಮ್ಮಿ. ಅಡ್ಮಿನಿಸ್ಟ್ರೇಟರ್ ಖಾತೆ ದೊಡ್ಡವರ ಹೆಸರಲ್ಲಿರಲಿ. ಮಕ್ಕಳ ಖಾತೆಯನ್ನು ಮೈಕ್ರೋಸಾಫ್ಟ್ ಫ್ಯಾಮಿಲಿಗೆ ಸೇರಿಸಿದರೆ ದಿನಕ್ಕೆ ಇಷ್ಟು ಹೊತ್ತು ಅಂತ ಮಿತಿಯನ್ನೂ ಹಾಕಬಹುದು.

ಮೊದಲ ದಿನ ಇದನ್ನೆಲ್ಲ ಮಾಡುವಾಗ ಮಗ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಲಿ, ಕೀಬೋರ್ಡ್ ಮೇಲೆ ಅಮ್ಮನ ಕೈ ಇರಲಿ. ನಿಧಾನವಾಗುತ್ತದೆ, ಆಗಲಿ. "ಕೊಡು, ನಾನೇ ಮಾಡ್ತೀನಿ" ಎಂದು ಎಳೆದುಕೊಳ್ಳುವುದರಿಂದಲೇ ಎಷ್ಟೋ ಹೆಂಗಸರು ಕಲಿಯದೆ ಉಳಿದಿದ್ದಾರೆ. ಸೈಕಲ್ ಕಲಿಸುವವರು ತಾವೇ ಪೆಡಲ್ ತುಳಿಯುತ್ತಾರಾ?

ಲ್ಯಾಪ್‌ಟಾಪಿನ ಜಾಗ ಹಾಲಿನಲ್ಲಿರಲಿ, ಯಾರ ಕೋಣೆಯಲ್ಲೂ ಬೇಡ. ಯಾರಿಗೆ ಯಾವ ಹೊತ್ತು ಎಂಬುದು ಬಾಯಿಮಾತಾಗಿ ಉಳಿಯದೆ ಗೋಡೆಯ ಮೇಲೆ ಬರೆದಿರಲಿ. ಮಧ್ಯಾಹ್ನ ಎರಡರಿಂದ ನಾಲ್ಕು ಅಮ್ಮನದು ಅಂದರೆ ಅಮ್ಮನದೇ. ಪರೀಕ್ಷೆ ಹತ್ತಿರ ಬಂದಾಗ ಆಚೀಚೆ ಮಾಡಿಕೊಳ್ಳುವುದು ಮನೆಯ ನ್ಯಾಯ, ಅದಕ್ಕೆ ಅವಳನ್ನು ಕೇಳಿ ಮಾಡಿ.

ಹಿರಿಯರೂ ಬಳಸುತ್ತಾರೆಂದರೆ ಒಂದು ಎಚ್ಚರಿಕೆ. ಫೋನಿನಲ್ಲಿ ಯಾರೇ ಆಗಲಿ, ಬ್ಯಾಂಕಿನವರು ಅಂದರೂ ಪೊಲೀಸರು ಅಂದರೂ, "ಈ ಆ್ಯಪ್ ಹಾಕಿ, ಪರದೆ ತೋರಿಸಿ" ಅಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಈ ಎರಡು ಸಾಲನ್ನು ಲ್ಯಾಪ್‌ಟಾಪ್ ಇಡುವ ಮೇಜಿನ ಮೇಲೇ ಅಂಟಿಸಿ.

ಮುಂಗಾರಿನ ಗುಡುಗು ಸಿಡಿಲಿಗೆ ಚಾರ್ಜರನ್ನು ಪ್ಲಗ್ಗಿನಿಂದ ಕಿತ್ತಿಡುವ ಅಭ್ಯಾಸ ಒಳ್ಳೆಯದು. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಡೀ ದಿನ ಚಾರ್ಜಿಗೆ ಹಾಕಿಯೇ ಬಳಸುವವರು, ಕಂಪನಿಯ ಆ್ಯಪಿನಲ್ಲಿ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಇದೆಯೇ ನೋಡಿ. ಬಹಳಷ್ಟು ಬ್ರ್ಯಾಂಡುಗಳಲ್ಲಿ ಇರುತ್ತದೆ. ಬ್ಯಾಟರಿಯ ಆಯಸ್ಸು ಹೆಚ್ಚುತ್ತದೆ. ಮಕ್ಕಳ ಫೋಟೋ, ಜಮೀನಿನ ಕಾಗದಗಳ ಸ್ಕ್ಯಾನ್ ಪ್ರತಿಗಳು ಲ್ಯಾಪ್‌ಟಾಪ್ ಒಂದರಲ್ಲೇ ಇರದಿರಲಿ. ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲೋ ಗೂಗಲ್ ಡ್ರೈವಿನಲ್ಲೋ ಇರಬೇಕು.

ಚೀಟಿಯಲ್ಲಿ ಬರೆದುಕೊಂಡು ಹೋಗಿ

ಅಂಗಡಿಗೆ ಹೋಗುವಾಗ ಜೇಬಿನಲ್ಲೋ ಪರ್ಸಿನಲ್ಲೋ ಇಷ್ಟು ಇರಲಿ. ರ‍್ಯಾಮ್ ಕನಿಷ್ಠ 8 ಜಿಬಿ, ಸ್ಲಾಟ್ ಖಾಲಿ ಇದ್ದರೆ ಉತ್ತಮ. ಎಸ್‌ಎಸ್‌ಡಿ 512, ಇಎಂಎಂಸಿ ಬೇಡ. ಪ್ರೊಸೆಸರ್ ಹನ್ನೆರಡನೇ ತಲೆಮಾರು ಅಥವಾ ಮೇಲಿನ ಐ3, ಇಲ್ಲವೇ ಅದಕ್ಕೆ ಸಮನಾದ ರೈಜನ್. ಪರದೆ ಫುಲ್ ಎಚ್‌ಡಿ ಐಪಿಎಸ್, ಕನ್ನಡ ಪುಟ ಓದಿ ನೋಡಬೇಕು. ಪೆನ್‌ಡ್ರೈವಿಗೆ, ಪ್ರಿಂಟರಿಗೆ ಮಾಮೂಲಿ ಯುಎಸ್‌ಬಿ ಜಾಗ, ಟಿವಿಗೆ ಜೋಡಿಸಲು ಎಚ್‌ಡಿಎಂಐ. ನಮ್ಮ ಪಿನ್‌ಕೋಡಿಗೆ ಆನ್‌ಸೈಟ್ ಸರ್ವೀಸ್. ಸೀರಿಯಲ್ ಸಂಖ್ಯೆ ಇರುವ ಬಿಲ್. ಆಮೇಲೆ ಬೇಕಾದರೆ ಬಣ್ಣ ಆರಿಸಿ.

ಇನ್ನೊಂದು ಮಾತು. ಅಂಗಡಿಗೆ ಹೋಗುವಾಗ ಮಗ ಒಬ್ಬನನ್ನೇ ಕಳಿಸಬೇಡಿ, ಮನೆಯಾಕೆಯೂ ಹೋಗಲಿ. ಕೀಬೋರ್ಡ್ ಮೇಲೆ ನಾಲ್ಕು ಸಾಲು ಹೊಡೆದು ನೋಡುವವರು ಅವರೇ ಆಗಿರಲಿ.

ನೀವು ನೋಡಿಟ್ಟಿರುವ ಮಾಡೆಲ್ ಇದ್ದರೆ ಪೂರ್ತಿ ಸಂಖ್ಯೆ, ಕೇಳಿದ ಬೆಲೆ ಮತ್ತು ನಿಮ್ಮ ವಾರದ ಪಟ್ಟಿಯನ್ನು ಬರೆದು ಕಳಿಸಿ. ಹೊಂದುತ್ತದೋ ಇಲ್ಲವೋ ಒಟ್ಟಿಗೆ ನೋಡೋಣ. ಮುಂದಿನ ಸಲ ಪ್ರಿಂಟರಿನ ವಿಷಯ. ಯಂತ್ರದ ಬೆಲೆ ಕಮ್ಮಿ ಇಟ್ಟು ಇಂಕಿನಲ್ಲಿ ವಸೂಲು ಮಾಡುವ ಕಥೆ ಅದು.